ಗಡಿಯಾಚೆಗೂ ಕಣ್ಣಿಟ್ಟ ಕಾರ್ಮಿಕ ನಿರೀಕ್ಷಕರು

ಹತ್ತೊಂಬತ್ತನೇ ಶತಮಾನದ ಯುರೋಪಿನಲ್ಲಿ ಬೆಂಕಿಕಡ್ಡಿಯ ತುದಿಗೆ ಬಿಳಿ ರಂಜಕ ಹಚ್ಚುತ್ತಿದ್ದರು. ಅದರ ಹೊಗೆ ಹುಳುಕು ಹಲ್ಲಿನೊಳಗೆ ಇಳಿದು ಕಾರ್ಮಿಕರ ದವಡೆ ಮೂಳೆಯನ್ನೇ ಕೊಳೆಸುತ್ತಿತ್ತು. ಫಿನ್‌ಲೆಂಡ್ 1872ರಲ್ಲಿ, ಡೆನ್ಮಾರ್ಕ್ 1874ರಲ್ಲಿ ಅದನ್ನು ನಿಷೇಧಿಸಿದವು. ಉಳಿದವರಲ್ಲಿ ಅನೇಕರು ಹಿಂದೆಮುಂದೆ ನೋಡಿದರು. ತಾವು ಬಿಟ್ಟರೆ ಪಕ್ಕದ ದೇಶದ ಅಗ್ಗದ ಕಡ್ಡಿ ತಮ್ಮ ಪೇಟೆಗೆ ನುಗ್ಗುತ್ತದೆ ಎಂಬ ಅಂಜಿಕೆ ಅವರಿಗೆ. ಕೊನೆಗೆ 1906ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಏಳು ದೇಶಗಳು ಸಹಿ ಹಾಕಿದವು: ಅಂಥ ಕಡ್ಡಿಯನ್ನು ತಯಾರಿಸುವಂತಿಲ್ಲ, ತರಿಸುವಂತಿಲ್ಲ, ಮಾರುವಂತಿಲ್ಲ. ಒಬ್ಬರೇ ಮಾಡಲು ಹೆದರಿದ್ದನ್ನು ಒಟ್ಟಾಗಿ ಮಾಡಿದರು.

ಆದರೆ ಕಾನೂನು ಪಾಲನೆಯಾಗುತ್ತಿದೆಯೇ ಎಂದು ಕಾರ್ಖಾನೆಯ ಒಳಹೊಕ್ಕು ನೋಡುವವರು ಬೇಕು. ಬ್ರಿಟನ್ 1833ರ ಕಾಯ್ದೆಯಲ್ಲಿ ಇದಕ್ಕೆಂದು ನಾಲ್ವರು ನಿರೀಕ್ಷಕರನ್ನು ನೇಮಿಸಿತ್ತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1947ರಲ್ಲಿ ತನ್ನ 81ನೇ ಒಡಂಬಡಿಕೆಯ ಮೂಲಕ ನಿರೀಕ್ಷಕರಿಗೆ ಎಲ್ಲೆಡೆ ಸಲ್ಲುವ ಅಧಿಕಾರವನ್ನು ಗೊತ್ತುಮಾಡಿತು. ಭಾರತ ಅದನ್ನು 1949ರಲ್ಲಿ ಒಪ್ಪಿಕೊಂಡಿತು. ಮುನ್ಸೂಚನೆ ಕೊಡದೆ, ಹಗಲಾಗಲಿ ರಾತ್ರಿಯಾಗಲಿ, ತಪಾಸಣೆಗೆ ಒಳಪಟ್ಟ ಕೆಲಸದ ಜಾಗವನ್ನು ನಿರೀಕ್ಷಕರು ಪ್ರವೇಶಿಸಬಹುದು. ಇನ್ನೊಂದು ನಿಯಮ ನನಗೆ ಇದಕ್ಕಿಂತಲೂ ದೊಡ್ಡದಾಗಿ ಕಾಣುತ್ತದೆ: ದೂರು ಕೊಟ್ಟವರು ಯಾರೆಂದು ಹೇಳಬಾರದು, ದೂರು ಬಂದಿದ್ದಕ್ಕೇ ಬಂದೆವೆಂಬ ಸುಳಿವನ್ನೂ ಮಾಲೀಕನಿಗೆ ಬಿಟ್ಟುಕೊಡಬಾರದು. ಕೂಲಿ ಕಳೆದುಕೊಳ್ಳುವ ಭಯವಿದ್ದವನು ಬಾಯಿಬಿಡುವುದು ಇಂಥ ಆಸರೆ ಇದ್ದಾಗ ಮಾತ್ರ.

ಇಂದು ಯಂತ್ರ, ಸರಕುಗಳಂತೆ ಕಾರ್ಮಿಕರೂ ಗಡಿ ದಾಟುತ್ತಾರೆ. ನಿರೀಕ್ಷಕರ ಅಧಿಕಾರ ಮಾತ್ರ ದಾಟುವುದಿಲ್ಲ. ಈ ತೊಡಕನ್ನು ಬಿಡಿಸಲೆಂದು ಐರೋಪ್ಯ ದೇಶಗಳ ಹಿರಿಯ ಕಾರ್ಮಿಕ ನಿರೀಕ್ಷಕರು 1982ರಿಂದ ಒಂದು ಸಮಿತಿಯಾಗಿ ಸೇರುತ್ತಿದ್ದಾರೆ. 1995ರಲ್ಲಿ ಅದಕ್ಕೆ ಅಧಿಕೃತ ಸ್ಥಾನ ಸಿಕ್ಕಿತು. ಒಂದು ದೇಶದ ತಪಾಸಣಾ ವ್ಯವಸ್ಥೆಯನ್ನು ಬೇರೆ ದೇಶದ ನಿರೀಕ್ಷಕರು ಬಂದು ಪರಿಶೀಲಿಸುವುದು ಅದರ ಕೆಲಸಗಳಲ್ಲೊಂದು. ತಮ್ಮ ಮನೆಯ ಕೊರತೆಯನ್ನು ನೆರೆಯವರಿಗೆ ತೋರಿಸಲು ಸರ್ಕಾರಗಳು ಒಪ್ಪಿರುವುದೇ ದೊಡ್ಡ ವಿಷಯ.

ನಿರೀಕ್ಷಕರಿಗೆ ದಾರಿ ತೋರುವುದೂ ಸಮಿತಿಯ ಕೆಲಸವೇ. ಕಟ್ಟಡ ಕೆಲಸದ ದೂಳನ್ನೇ ತೆಗೆದುಕೊಳ್ಳಿ. ಕಟ್ಟಿಂಗ್ ಮೆಷಿನ್ನಿನಲ್ಲಿ ಕಾಂಕ್ರೀಟ್ ಕಲ್ಲನ್ನು ಒಣಗಿದ್ದಂತೆಯೇ ಕೊಯ್ದರೆ ಬಿಳಿ ಮೋಡ ಏಳುತ್ತದೆ. ಅಪಾಯ ಆ ಮೋಡದಲ್ಲಷ್ಟೇ ಅಲ್ಲ, ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾ ಕಣದಲ್ಲೂ ಇದೆ. ಅದು ಶ್ವಾಸಕೋಶದ ಆಳಕ್ಕಿಳಿದು ಸಿಲಿಕೋಸಿಸ್ ತರುತ್ತದೆ, ಕ್ಯಾನ್ಸರನ್ನೂ ತರಬಲ್ಲದು. ಬ್ಲೇಡಿಗೆ ನೀರು ಹಾಯಿಸುತ್ತಾ ಕೊಯ್ದರೆ ದೂಳು ಬಹುಪಾಲು ಅಲ್ಲೇ ಅಡಗುತ್ತದೆ. ಆದರೂ ಮಾಸ್ಕ್ ಬೇಕಾಗಬಹುದು. ಈ ದೂಳಿನ ಬಗ್ಗೆ ಸಮಿತಿ 2016ರಲ್ಲಿ ನಿರೀಕ್ಷಕರಿಗೆಂದೇ ಮಾರ್ಗದರ್ಶಿ ತಂದಿತು.

2019ರಲ್ಲಿ ಹುಟ್ಟಿದ ಐರೋಪ್ಯ ಕಾರ್ಮಿಕ ಪ್ರಾಧಿಕಾರ ಎರಡು ದೇಶಗಳ ನಿರೀಕ್ಷಕರು ಒಟ್ಟಿಗೆ ತಪಾಸಣೆ ನಡೆಸಲು ನೆರವಾಗುತ್ತದೆ. ಹೊರಗಿನಿಂದ ಬಂದವರ ಅಧಿಕಾರ ಆತಿಥೇಯ ದೇಶದ ಕಾನೂನು ಕೊಟ್ಟಷ್ಟೇ. ಆದರೆ ಕಾರ್ಮಿಕನನ್ನು ಅವನ ನುಡಿಯಲ್ಲೇ ಮಾತಾಡಿಸಲು, ಅವನ ದೇಶದ ಕಂಪನಿ ಕೊಟ್ಟ ಸಂಬಳದ ಚೀಟಿ, ವಿಮೆಯ ಕಾಗದ ಓದಿ ಎಲ್ಲಿ ಮೋಸವಾಗಿದೆಯೆಂದು ಹೇಳಲು ಅವರೇ ಬೇಕು.