ಹೆಸರಿಲ್ಲದ ಗರುಡರು

ಬಸವನಗುಡಿ, ಮಲ್ಲೇಶ್ವರಗಳಿಂದ ಬುತ್ತಿ ಕಟ್ಟಿಕೊಂಡು ಹಳೇಬೀಡಿಗೆ ಹೋಗಿಬಂದ ಕುಟುಂಬಗಳೆಷ್ಟೋ! ಹೊಯ್ಸಳೇಶ್ವರನ ಭಿತ್ತಿಗಳನ್ನು ಕಣ್ತುಂಬ ನೋಡಿ, ನಂದಿಯ ಮುಂದೆ ಫೋಟೋ ತೆಗೆಸಿಕೊಂಡು ಹಿಂತಿರುಗುವ ಅವಸರದಲ್ಲಿ, ಆವರಣದ ಒಂದು ಕಂಬವನ್ನು ಬಹುಮಂದಿ ಗಮನಿಸುವುದಿಲ್ಲ. ಮೊದಲ ಸಲ ನಾನೂ ಗಮನಿಸಿರಲಿಲ್ಲ. ಅದರ ಮೇಲಿನ ಪುಟ್ಟ ವೀರರು ಕತ್ತಿಯೆತ್ತಿರುವುದು ಶತ್ರುವಿನ ಮೇಲಲ್ಲ; ತಮ್ಮ ಕೊರಳಿಗೆ, ತಮ್ಮದೇ ಕೈಕಾಲುಗಳಿಗೆ.

ಇದು ಗರುಡರ ಸ್ಮಾರಕ. ವಿಷ್ಣುವಿಗೆ ಗರುಡನಿದ್ದಂತೆ ಒಡೆಯನಿಗೆ ತಾನೆಂದು ನಂಬಿ, ಅವನ ಕಾಲಾನಂತರ ಬದುಕಿರಲಾರೆನೆಂದು ಭಾಷೆ ಕೊಟ್ಟವರು ಗರುಡರು. 1220ರಲ್ಲಿ ಇಮ್ಮಡಿ ವೀರಬಲ್ಲಾಳನು ತೀರಿಕೊಂಡಾಗ, ಅವನು ಮಗನಂತೆ ಸಾಕಿದ್ದ ದಂಡನಾಯಕ ಕುವರಲಕ್ಷ್ಮನು ಪತ್ನಿ ಸುಗ್ಗಲದೇವಿಯೊಡನೆ ಪ್ರಾಣ ನೀಗಿದನು. ಅವನೊಡನೆ ಬಾಳಿ ಅವನೊಡನೆ ಸಾಯಲು ಪಣತೊಟ್ಟ ಸಾವಿರ ವೀರರನ್ನೂ ಶಾಸನವು ಸ್ಮರಿಸುತ್ತದೆ.

ಈ ಕಂಬವನ್ನು ಎರಡನೆಯ ಸಲ ನೋಡುವ ಮುನ್ನ ನಾನೊಂದು ಜಪಾನೀ ಚಿತ್ರವನ್ನು ನೋಡಿದ್ದೆ. ಮಾಸಾಕಿ ಕೊಬಾಯಾಶಿಯವರು 1962ರಲ್ಲಿ ನಿರ್ದೇಶಿಸಿದ ‘ಹರಾಕಿರಿ’. ಮರುವರ್ಷ ಕಾನ್ ಚಿತ್ರೋತ್ಸವದಲ್ಲಿ ತೀರ್ಪುಗಾರರ ವಿಶೇಷ ಬಹುಮಾನ ಪಡೆದ ಚಿತ್ರವಿದು. ಕಥೆ ನಡೆಯುವುದು 1630ರಲ್ಲಿ. ಯುದ್ಧಗಳು ನಿಂತು ಒಡೆಯನಿಲ್ಲದ ಸಮುರಾಯಿಗಳು ಹೊಟ್ಟೆಗಿಲ್ಲದೆ ಅಲೆಯುತ್ತಿದ್ದ ಕಾಲ. ಮೋಟೋಮೆ ಎಂಬ ತರುಣನ ಹೆಂಡತಿ, ಮಗು ಇಬ್ಬರೂ ಕಾಯಿಲೆಯಲ್ಲಿ ಮಲಗಿದ್ದಾರೆ. ಅವನು ಸಿರಿವಂತ ಮನೆತನವೊಂದಕ್ಕೆ ಹೋಗಿ, ಹೊಟ್ಟೆ ಸೀಳಿಕೊಂಡು ಸಾಯಲು ಅಂಗಳದಲ್ಲಿ ಎಡೆ ಬೇಡುತ್ತಾನೆ. ಕನಿಕರಿಸಿ ನಾಲ್ಕು ಕಾಸು ಕೊಟ್ಟು ಕಳುಹಿಸಿಯಾರೆಂಬುದೇ ಅವನ ಆಸೆ. ಅವರಾದರೋ ಆಡಿದ ಮಾತನ್ನು ನಡೆಸೆನ್ನುತ್ತಾರೆ! ಉಕ್ಕಿನ ಕತ್ತಿಯನ್ನು ಎಂದೋ ಮಾರಿದ್ದ ಆ ಬಡವನ ಒರೆಯಲ್ಲಿದ್ದದ್ದು ಬಿದಿರಿನ ಅಲಗು. ಅದರಿಂದಲೇ ಅವನು ಸಾಯಬೇಕಾಗುತ್ತದೆ.

ಆಮೇಲೆ ಅವನ ಮಾವ ಹನ್‌ಶಿರೋ ಅದೇ ಅಂಗಳಕ್ಕೆ ಬಂದು ಕೂರುತ್ತಾನೆ. ತತ್ಸುಯಾ ನಕಾದಾಯಿಯವರ ಆ ಕಣ್ಣುಗಳನ್ನು ಮರೆಯುವುದು ಸುಲಭವಲ್ಲ. ಅವನು ಕೆಡಹಿದ ಕಾವಲುಗಾರರೆಲ್ಲ ಕಾಯಿಲೆಯಿಂದ ಸತ್ತರೆಂದು ಕೊನೆಗೆ ಮನೆತನದ ದಫ್ತರದಲ್ಲಿ ಬರೆಯಲಾಗುತ್ತದೆ.

ಕುವರಲಕ್ಷ್ಮನ ನಿಷ್ಠೆಯನ್ನು ಹಗುರವಾಗಿ ಕಾಣುವ ಎದೆ ನನಗಿಲ್ಲ. ಆದರೆ ಆ ದಫ್ತರವನ್ನು ಕಂಡಮೇಲೆ ಶಾಸನಗಳನ್ನೂ ಬೇರೆ ಕಣ್ಣಿನಿಂದ ಓದುವಂತಾಯಿತು. ಕೃಷ್ಣರಾಜಪೇಟೆ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿಯಲ್ಲಿ, ಆನೆಯನ್ನು ಹೊತ್ತ ಗರುಡಗಂಬಗಳಿವೆ. ಒಂದೇ ಮನೆತನದವರು ತಲೆಮಾರಿನಿಂದ ತಲೆಮಾರಿಗೆ ಹೊಯ್ಸಳ ಅರಸರೊಡನೆ ಮಡಿದ ಕಥೆ ಅಲ್ಲಿದೆ. ನಾಯಕರ ಹೆಸರುಗಳಿವೆ, ಮಡದಿಯರ ಹೆಸರುಗಳೂ ಇವೆ. ಅವರೊಂದಿಗೆ ಹೋದ 10 ಮಂದಿ ದಾಸಿಯರು, 20ರಷ್ಟು ಆಳುಗಳು ಮಾತ್ರ ಬರಿಯ ಎಣಿಕೆಯಾಗಿ ನಿಂತಿದ್ದಾರೆ. ಅವರೂ ತಾವಾಗಿಯೇ ಭಾಷೆ ಕೊಟ್ಟಿದ್ದರೆ? ಒಬ್ಬ ದಾಸಿ ಹಿಂದಿನ ರಾತ್ರಿ ಬಾಗಿಲ ಕಡೆ ನೋಡಿದ್ದರೆ, ಅದನ್ನು ಕಲ್ಲಿನಲ್ಲಿ ಕೊರೆಯುವವರು ಯಾರು?