ಮರಳಿ ಮರಳಿ ಕೇಳಬೇಕಾದ ಚಿತ್ರಪಟ ಗೀತಗಳು: ಸೊಲ್ಲಾಪುರ–ಅಕ್ಕಲಕೋಟೆಯ ಕಿವಿಗೆ

ಚಿತ್ರಪಟ ಸಂಗೀತವೆಂದೊಡನೆ ಮೂಗು ಮುರಿಯುವ ವಿದ್ವಾಂಸರು ನಮ್ಮಲ್ಲಿ ಹಿಂದೆಯೂ ಇದ್ದರು, ಇಂದಿಗೂ ಇದ್ದಾರೆ. ಅವರ ಆಕ್ಷೇಪಣೆಯಲ್ಲಿ ಹುರುಳೇ ಇಲ್ಲವೆಂದಲ್ಲ. ಒಂದು ವಾರ ಊರೆಲ್ಲ ಮೊಳಗಿ ಮರುವಾರ ಹೇಳಹೆಸರಿಲ್ಲದೆ ಹೋಗುವ ಹಾಡುಗಳೇ ಹೆಚ್ಚು. ಸರಕಾರವೂ ಒಮ್ಮೆ ಇದೇ ಪಕ್ಷವನ್ನು ಹಿಡಿದಿತ್ತು. 1952ರಲ್ಲಿ ಬಿ. ವಿ. ಕೇಸಕರ ಅವರು ಪ್ರಸಾರ ಖಾತೆಯ ಮಂತ್ರಿಗಳಾಗಿದ್ದಾಗ ಆಕಾಶವಾಣಿಯಿಂದ ಚಿತ್ರಗೀತಗಳು ಬಹುಮಟ್ಟಿಗೆ ಮಾಯವಾದವು. ಆದರೆ ಕೇಳುವವರು ಕೇಳದೆ ಬಿಟ್ಟರೇ? ರೇಡಿಯೊದ ಮುಳ್ಳನ್ನು ಸಿಲೋನಿನತ್ತ ತಿರುಗಿಸಿದರು. ಕೊನೆಗೆ 1957ರ ಅಕ್ಟೋಬರ 3ರಂದು ವಿವಿಧ ಭಾರತಿ ಹುಟ್ಟಿಕೊಂಡು, ಅವೇ ಹಾಡುಗಳು ಆಕಾಶವಾಣಿಯಿಂದಲೇ ಮತ್ತೆ ಮನೆಮನೆಗೆ ಬಂದವು. ಜನರ ಕಿವಿ ಆಜ್ಞೆಗೆ ಮಣಿಯುವಂಥದಲ್ಲ. ಆದುದರಿಂದ ಚಿತ್ರಗೀತವನ್ನು ಕೇಳಬೇಕೋ ಬೇಡವೋ ಎಂಬ ಚರ್ಚೆಯನ್ನು ಬಿಟ್ಟು, ಯಾವುದನ್ನು ಮರಳಿ ಮರಳಿ ಕೇಳಬೇಕು, ಏಕೆ ಕೇಳಬೇಕು ಎಂದು ವಿಚಾರಿಸುವುದೇ ಲೇಸು.

ಈ ವಿಚಾರ ಬೆಂಗಳೂರಿನವರಿಗಿಂತ ನಮಗೆ ಹೆಚ್ಚು ಅಗತ್ಯವಾದುದು. ಅಕ್ಕಲಕೋಟೆ ತಾಲೂಕಿನ ಹುಡುಗನಿಗೆ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಚಿತ್ರಮಂದಿರದಲ್ಲಿ ಹಿಂದಿ. ಸೊಲ್ಲಾಪುರದ ಪೇಟೆಗೆ ಹೋದರೆ ನೇಕಾರರ ಓಣಿಯಲ್ಲಿ ತೆಲುಗು. ಶಾಲೆಯಲ್ಲಿ ಕನ್ನಡ ಪಾಠ ನಡೆಯುವುದು ಕೆಲವು ಗಳಿಗೆ ಮಾತ್ರ. ಕಿವಿಯಾದರೋ ದಿನವಿಡೀ ತೆರೆದೇ ಇರುತ್ತದೆ. ಪಠ್ಯಪುಸ್ತಕದ ಪದ್ಯವನ್ನು ಪರೀಕ್ಷೆ ಮುಗಿದೊಡನೆ ಮರೆಯುವ ಹುಡುಗ ಹಾಡಿನಲ್ಲಿ ಬಂದ ಶಬ್ದವನ್ನು ಮುಪ್ಪಿನವರೆಗೂ ಮರೆಯುವುದಿಲ್ಲ. ಅವನ ಕಿವಿಯಲ್ಲಿ ಯಾವ ಹಾಡು ಮನೆಮಾಡಿದೆ ಎಂಬುದರ ಮೇಲೆಯೇ ಅವನ ನಾಲಗೆಯಲ್ಲಿ ಎಷ್ಟು ಕನ್ನಡ ಉಳಿದೀತು ಎಂಬುದು ನಿಂತಿದೆ.

ಆದರೆ ಕನ್ನಡವೆಂದು ಕನ್ನಡ ಚಿತ್ರದ ಹಾಡನ್ನಷ್ಟೇ ಎಣಿಸುವುದು ನಮ್ಮ ಕಡೆಯ ಮಾತಲ್ಲ. ಹಿಂದಿ ಬೋಲಪಟದ ಮೊದಲ ಕಾಲದ ಕೀರ್ತಿವಂತ ಗಾಯಕಿಯರಲ್ಲಿ ಒಬ್ಬರಾದ ಅಮೀರಬಾಯಿ ಕರ್ನಾಟಕಿ ನಮ್ಮ ನೆರೆಯ ಬೀಳಗಿಯವರು. ಹೆಸರಿನಲ್ಲೇ ನಾಡನ್ನು ಹೊತ್ತು ಮುಂಬಯಿಗೆ ಹೋದವರು. ಅವರಕ್ಕ ಗೋಹರಬಾಯಿ ಬಾಲಗಂಧರ್ವರ ನಾಟಕ ಮಂಡಳಿಯಲ್ಲಿ ಹೆಸರುಗಳಿಸಿದರು. ಅನಿಲ ಬಿಸ್ವಾಸರು ಸಂಗೀತ ನೀಡಿದ 1943ರ ‘ಕಿಸ್ಮತ್’ ಚಿತ್ರ ಕಲಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಮೂರು ವರುಷಕ್ಕೂ ಮಿಕ್ಕಿ ನಡೆಯಿತು. ಅದರಲ್ಲಿ ಅಮೀರಬಾಯಿಯವರು ಹಾಡಿದ ಲಾಲಿಯೂ ಇದೆ, ಪರಕೀಯರಿಗೆ ಸವಾಲೆಸೆಯುವ ಮೇಳಗೀತವೂ ಇದೆ. 1930ರಲ್ಲಿ ಲಷ್ಕರಿ ಕಾಯಿದೆಯನ್ನು ಅನುಭವಿಸಿ, 1931ರ ಜನೇವರಿ 12ರಂದು ಮಲ್ಲಪ್ಪ ಧನಶೆಟ್ಟಿ ಮೊದಲಾದ ನಾಲ್ವರನ್ನು ಗಲ್ಲಿಗೆ ಒಪ್ಪಿಸಿದ ಸೊಲ್ಲಾಪುರಕ್ಕೆ ಆ ಎರಡನೆಯ ಹಾಡು ಬರಿಯ ಮನರಂಜನೆಯಾಗಿರಲಾರದು. ಆದರೂ ಮರಳಿ ಕೇಳುವುದಕ್ಕೆ ನಾವು ಲಾಲಿಯನ್ನೇ ಆರಿಸುತ್ತೇವೆ. ಅಲ್ಲಿ ದನಿ ಎಲ್ಲಿಯೂ ಏರಿ ಕೂಗುವುದಿಲ್ಲ. ಸ್ವರದಿಂದ ಸ್ವರಕ್ಕೆ ಮೀಂಡಿನಲ್ಲಿ ಜಾರುತ್ತದೆ. ನಾಟಕದ ರಂಗದಲ್ಲಿ ಕೊನೆಯ ಸಾಲಿನ ಪ್ರೇಕ್ಷಕನಿಗೂ ಮುಟ್ಟುವಂತೆ ಹಾಡುತ್ತಿದ್ದ ಕಂಠ ಧ್ವನಿವಾಹಕದ ಎದುರು ತಗ್ಗಿ ಮಾತಾಡುವುದನ್ನು ಹೇಗೆ ಕಲಿಯಿತು ಎಂಬುದು ಎರಡನೆಯ ಸಲ ಕೇಳಿದಾಗಲೇ ತಿಳಿಯುವುದು.

ಸೊಲ್ಲಾಪುರದಲ್ಲಿ 1910ರಲ್ಲಿ ಹುಟ್ಟಿದ ಡಾ. ದ್ವಾರಕಾನಾಥ ಕೋಟಣೀಸರ ಚರಿತ್ರೆಯನ್ನು ಶಾಂತಾರಾಮರು 1946ರಲ್ಲಿ ಚಿತ್ರವಾಗಿಸಿದಾಗ ಸಂಗೀತ ವಸಂತ ದೇಸಾಯರದು. ಅದೇ ಜೋಡಿಯ 1957ರ ‘ದೋ ಆಂಖೇಂ ಬಾರಹ್ ಹಾಥ್’ ಚಿತ್ರದ ಪ್ರಾರ್ಥನೆಯನ್ನು ಶಿಕ್ಷಕ ಬಂಧುಗಳಿಗೆ ನೆನಪಿಸಬೇಕಾಗಿಲ್ಲ. ಎಷ್ಟೋ ಶಾಲೆಗಳಲ್ಲಿ ಅದು ಚಿತ್ರದ ಹಾಡೆಂಬುದೇ ಮರೆತುಹೋಗಿದೆ. ಔಂಧ ಸಂಸ್ಥಾನದವರು ಆಟಪಾಡಿಯ ಹತ್ತಿರ ನಡೆಸಿದ ಸ್ವತಂತ್ರಪುರವೆಂಬ ಬಯಲು ಬಂದೀಖಾನೆಯ ಪ್ರಯೋಗ ಆ ಕಥೆಗೆ ಮೂಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ತ. ರಾ. ಸುಬ್ಬರಾಯರ ‘ಹಂಸಗೀತೆ’ಯನ್ನು ನಮ್ಮಲ್ಲಿ ಓದದವರು ವಿರಳ. ಚಿತ್ರದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನ ಆ ಕಥೆಯೇ ವೇಷ ಬದಲಿಸಿ 1956ರಲ್ಲಿ ‘ಬಸಂತ ಬಹಾರ’ ಎಂಬ ಹಿಂದಿ ಚಿತ್ರವಾಯಿತು. ಅದರಲ್ಲಿ ಇಬ್ಬರು ಗಾಯಕರ ಸ್ಪರ್ಧೆಯ ಪ್ರಸಂಗವೊಂದುಂಟು. ಸೋಲುವವನಿಗೆ ದನಿ ಕೊಟ್ಟವರು ಗದಗಿನ ಭೀಮಸೇನ ಜೋಶಿಯವರು, ಗೆಲ್ಲುವ ನಾಯಕನಿಗೆ ಮನ್ನಾ ಡೇ. ಪಂಡಿತರೊಡನೆ ಹಾಡಿ ಅವರನ್ನು ಸೋಲಿಸಬೇಕೆಂದು ತಿಳಿದಾಗ ತಮಗೆ ಓಡಿಹೋಗಬೇಕೆನಿಸಿತೆಂದು ಮನ್ನಾ ಡೇ ಅವರೇ ಮುಂದೆ ಹೇಳಿಕೊಂಡರು. ಕಥೆಯ ಅಗತ್ಯಕ್ಕೆ ಹಿರಿಯ ದನಿ ಸೋಲಬೇಕಾಯಿತು. ಕೇಳುವವನ ಕಿವಿ ಆ ತೀರ್ಪನ್ನು ಒಪ್ಪಬೇಕೆಂಬ ಕಟ್ಟಳೆಯೇನೂ ಇಲ್ಲ!

ಹಾಡು ಬಸಂತ ರಾಗದ್ದು. ಕೋಮಲ ರಿಷಭ, ಕೋಮಲ ಧೈವತ, ಎರಡೂ ಮಧ್ಯಮಗಳು. ನಡೆ ಹೆಚ್ಚಾಗಿ ಮೇಲಿನ ಷಡ್ಜದ ಸುತ್ತ. ಮೊದಲ ಸಲ ಕೇಳುವವನಿಗೆ ತಾನುಗಳ ರಭಸವಷ್ಟೇ ಕೇಳಿಸುತ್ತದೆ. ಎರಡನೆಯ ಸಲ ಭೀಮಸೇನರು ತಾರ ಷಡ್ಜಕ್ಕೆ ಹೋಗುವ ಮುನ್ನ ತೀವ್ರ ಮಧ್ಯಮವನ್ನು ಹೇಗೆ ಒತ್ತುತ್ತಾರೆಂಬುದನ್ನು ಗಮನಿಸಬೇಕು. ಮೂರನೆಯ ಸಲ ಗಾಯಕರಿಬ್ಬರನ್ನೂ ಬಿಟ್ಟು ತಬಲೆಯೊಂದನ್ನೇ ಹಿಂಬಾಲಿಸಬೇಕು. ಖ್ಯಾಲಿನ ಬೈಠಕಿನಲ್ಲಿ ಒಂದು ತಾಸು ಹಿಡಿಯುವ ರಾಗವನ್ನು ಶಂಕರ–ಜೈಕಿಷನ್ ಜೋಡಿ ಕೆಲವೇ ನಿಮಿಷಕ್ಕೆ ಇಳಿಸಿದ್ದಾರೆ. ಆದುದರಿಂದ ಅಲ್ಲಿ ಒಂದು ಸ್ವರವೂ ಹೆಚ್ಚಿಲ್ಲ. ಇದಕ್ಕೆ ಮುಂಚೆ 1952ರ ‘ಬೈಜೂ ಬಾವರಾ’ದಲ್ಲಿ ಅಮೀರ ಖಾನ ಮತ್ತು ಡಿ. ವಿ. ಪಲುಸ್ಕರರು ಇಂಥದೇ ಸ್ಪರ್ಧೆಯಲ್ಲಿ ದೇಸಿ ರಾಗವನ್ನು ಹಾಡಿದ್ದರು. ಎರಡನ್ನೂ ಒಂದರ ಬೆನ್ನಿಗೆ ಒಂದು ಕೇಳಿದರೆ, ರಾಗವೆಂದರೆ ಬರಿಯ ಸ್ವರಗಳ ಪಟ್ಟಿಯಲ್ಲ, ಅದಕ್ಕೊಂದು ಸ್ವಭಾವವುಂಟೆಂಬುದನ್ನು ಮಕ್ಕಳಿಗೆ ವ್ಯಾಖ್ಯಾನವಿಲ್ಲದೆ ತಿಳಿಸಬಹುದು.

‘ಹಂಸಗೀತೆ’ ಅಲ್ಲಿಗೇ ನಿಲ್ಲಲಿಲ್ಲ. 1975ರಲ್ಲಿ ಜಿ. ವಿ. ಅಯ್ಯರರು ಅದನ್ನು ಕನ್ನಡದಲ್ಲೇ ಚಿತ್ರವಾಗಿಸಿದಾಗ, ಎಂ. ಬಾಲಮುರಳಿಕೃಷ್ಣರ ಕಂಠದಲ್ಲಿ ಕಥೆ ಮತ್ತೆ ತನ್ನ ಕರ್ನಾಟಕ ಸಂಗೀತಕ್ಕೆ ಮರಳಿತು. ಹಾಡುಗಾರಿಕೆಗೆ ರಾಷ್ಟ್ರಪ್ರಶಸ್ತಿಯೂ ಬಂದಿತು. ಗದಗಿನಿಂದ ಬಿಜಾಪುರದ ಮೇಲೆ ಹೊಟಗಿಗೆ ಬರುವ ರೈಲುಹಾದಿಯ ತುದಿಯಲ್ಲಿ ಕುಳಿತ ನಮಗೆ ಹಿಂದುಸ್ತಾನಿ ಹತ್ತಿರ, ಕರ್ನಾಟಕ ಸಂಗೀತ ದೂರ. ಅದಕ್ಕೆಂದೇ ಈ ಎರಡನೆಯ ‘ಹಂಸಗೀತೆ’ಯನ್ನು ನಾವು ಹಟಹಿಡಿದು ಕೇಳಬೇಕು. ಎರಡು ಪದ್ಧತಿಗಳ ನಡುವಣ ಸೇತುವೆ ಬೇಕಾದವರಿಗೆ ಅ. ನ. ಕೃಷ್ಣರಾಯರ ಕಾದಂಬರಿಯನ್ನು ಆಧರಿಸಿದ 1966ರ ‘ಸಂಧ್ಯಾರಾಗ’ವಿದೆ. ಅದರಲ್ಲಿ ನಾದದೇವತೆಯನ್ನು ಕುರಿತ ಒಂದೇ ಗೀತವನ್ನು ಭೀಮಸೇನರೂ ಹಾಡಿದ್ದಾರೆ, ಬಾಲಮುರಳಿಯವರೂ ಹಾಡಿದ್ದಾರೆ. ಸಾಹಿತ್ಯ ಒಂದೇ, ದಾರಿ ಎರಡು. ಒಬ್ಬರು ಸ್ವರದ ಮೇಲೆ ನಿಲ್ಲುತ್ತಾರೆ, ಇನ್ನೊಬ್ಬರು ಸ್ವರವನ್ನು ತೂಗುತ್ತಾರೆ. ಭೀಮಸೇನರ ಕನ್ನಡ ಉಚ್ಚಾರಣೆ ಅಪ್ಪಟ ನಮ್ಮ ಕಡೆಯದು. ಗಡಿಯ ಕಿವಿಗೆ ಅದೊಂದು ಬೇರೆಯೇ ಸಮಾಧಾನ.

ವಚನವನ್ನು ಪಾಠ ಹೇಳುವವರಿಗೆ ‘ಕಿತ್ತೂರು ಚೆನ್ನಮ್ಮ’ (1961) ಉಪಯುಕ್ತವಾದುದು. ಅದರಲ್ಲಿ ಅಕ್ಕಮಹಾದೇವಿಯ ವಚನವೊಂದನ್ನು ಪಿ. ಸುಶೀಲಾ ಹಾಡಿದ್ದಾರೆ, ಸಂಗೀತ ಟಿ. ಜಿ. ಲಿಂಗಪ್ಪನವರದು. ವಚನಕ್ಕೆ ಛಂದಸ್ಸಿನ ಮಾತ್ರಾಗಣಿತವಿಲ್ಲ. ಅದನ್ನು ತಾಳಕ್ಕೆ ಕೂಡಿಸುವವನು ಅರ್ಥ ಎಲ್ಲಿ ತಿರುಗುತ್ತದೋ ಅಲ್ಲಿಯೇ ಉಸಿರನ್ನು ನಿಲ್ಲಿಸಬೇಕಾಗುತ್ತದೆ. ನಿಲುಗಡೆ ತಪ್ಪಿದರೆ ವಚನ ಸತ್ತಂತೆ. ಸೊನ್ನಲಿಗೆಯ ಸಿದ್ಧರಾಮನ ವಚನಗಳನ್ನು ತರಗತಿಯಲ್ಲಿ ಒಂದೇ ಏರುದನಿಯಲ್ಲಿ ಓದಿಸುವ ನಮ್ಮ ರೂಢಿಗೆ ಈ ಹಾಡು ಒಳ್ಳೆಯ ಮದ್ದು. ಮೊದಲು ಮಕ್ಕಳಿಗೆ ಹಾಡನ್ನು ಕೇಳಿಸಿ, ಗಾಯಕಿ ತಡೆದ ಜಾಗಗಳಲ್ಲಿ ಗೆರೆ ಎಳೆಯಲು ಹೇಳಿ, ಆಮೇಲೆ ಸಿದ್ಧರಾಮನ ವಚನವನ್ನು ಕೈಗೆ ಕೊಟ್ಟು ನೋಡಬಹುದು.

ಇನ್ನು ಸನಾದಿ. ನಮ್ಮ ಹಳ್ಳಿಗಳ ಲಗ್ನಗಳಲ್ಲಿ ಊದುವ ಈ ವಾದ್ಯವನ್ನು ಮರಾಠಿಯವರು ಸನಈ ಎನ್ನುತ್ತಾರೆ, ಹಿಂದಿಯವರು ಶಹನಾಯಿ. ಕೃಷ್ಣಮೂರ್ತಿ ಪುರಾಣಿಕರ ಕೃತಿಯನ್ನು ಆಧರಿಸಿದ 1977ರ ‘ಸನಾದಿ ಅಪ್ಪಣ್ಣ’ ಚಿತ್ರಕ್ಕೆ ಅದನ್ನು ನುಡಿಸಿದವರು ಕಾಶಿಯ ಬಿಸ್ಮಿಲ್ಲಾ ಖಾನರು. ಜಿ. ಕೆ. ವೆಂಕಟೇಶರು ಎಸ್. ಜಾನಕಿಯವರ ದನಿಯನ್ನು ಸನಾದಿಯ ಎದುರಿಗಿಟ್ಟು ಕಟ್ಟಿದ ಗೀತವೊಂದರಲ್ಲಿ ಕೆಲವು ಕಡೆ ಕಂಠ ಯಾವುದು, ಕೊಳವೆ ಯಾವುದು ಎಂದು ತಿಳಿಯದಾಗುತ್ತದೆ. ನಮ್ಮೂರ ವಾದ್ಯಗಾರರನ್ನು ಮಂಟಪದ ಹೊರಗೆ ಕೂಡಿಸಿ ಮರೆತುಬಿಡುವ ನಾವು ಇದನ್ನು ಹತ್ತು ಸಲ ಕೇಳಿದರೂ ಹೆಚ್ಚಾಗಲಾರದು.

ಹೊಸ ಕಾಲದ ಮಾತನ್ನೂ ಆಡದಿದ್ದರೆ ವಿದ್ಯಾರ್ಥಿಗಳು ನಕ್ಕಾರು. ನಮ್ಮದೇ ಜಿಲ್ಲೆಯ ಕರಮಾಳೆಯ ಕಡೆ ಚಿತ್ರಿತವಾದ, ನಾಗರಾಜ ಮಂಜುಳೆಯವರ ಮರಾಠಿ ‘ಸೈರಾಟ’ (2016) ಯಾರಿಗೆ ಗೊತ್ತಿಲ್ಲ? ಅದರ ಕುಣಿತದ ಹಾಡು ವರಾತಕ್ಕೆ ಒಳ್ಳೆಯದು. ಮರಳಿ ಕೇಳುವುದಕ್ಕೆ ನಮ್ಮ ಮತ ಬೀಳದು. ಆದರೆ ಅಜಯ–ಅತುಲರು ಅಮೇರಿಕೆಯಲ್ಲಿ ಪಾಶ್ಚಾತ್ಯ ವಾದ್ಯವೃಂದವನ್ನು ಕೂಡಿಸಿ ಮುದ್ರಿಸಿದ ಪ್ರೇಮಗೀತಗಳ ನಡುವಣ ವಾದ್ಯಭಾಗಗಳನ್ನು ಕಣ್ಣು ಮುಚ್ಚಿ ಕೇಳಬೇಕು. ಭೀಮಾ ತೀರದ ಬಾಳೆಯ ತೋಟಕ್ಕೆ ಪಿಟೀಲುಗಳ ಗುಂಪು ಇಷ್ಟು ಚೆನ್ನಾಗಿ ಒಗ್ಗೀತೆಂದು ನಾವು ನೆನೆಸಿರಲಿಲ್ಲ. ಚಿತ್ರ ಮರುವರುಷ ‘ಮನಸು ಮಲ್ಲಿಗೆ’ ಎಂದು ಕನ್ನಡಕ್ಕೂ ಬಂದಿತು, ಧಾಟಿಗಳ ಸಮೇತ. ಎರಡೂ ಭಾಷೆ ಬಲ್ಲ ನಮ್ಮ ಮಕ್ಕಳಿಗೆ ಇದೊಂದು ಸಿದ್ಧ ಅಭ್ಯಾಸ. ಮರಾಠಿ ಶಬ್ದ ಕುಳಿತ ಜಾಗದಲ್ಲಿ ಕನ್ನಡ ಶಬ್ದ ಎಲ್ಲಿ ಸಲೀಸಾಗಿ ಕೂತಿದೆ, ಎಲ್ಲಿ ದೀರ್ಘವನ್ನು ಹ್ರಸ್ವ ಮಾಡಿ ತುರುಕಿದೆ ಎಂದು ಅವರನ್ನೇ ಕೇಳಬೇಕು. ಉತ್ತರ ಹೇಳಲು ಅವರು ಎರಡು ಹಾಡನ್ನೂ ನಾಲ್ಕಾರು ಸಲ ಕೇಳಲೇಬೇಕಾಗುತ್ತದೆ.