ಸುಣ್ಣದಲ್ಲಿ ಕ್ಯಾಲ್ಸಿಯಂ ಇದೆ, ಹಾಗಂತ ದಿನಾ ತಿನ್ನಬಹುದಾ?

ಗೋಧಿ ಕಾಳಿನಷ್ಟು ಸುಣ್ಣ ದಿನಾ ತಿಂದರೆ ಹತ್ತಾರು ಕಾಯಿಲೆ ವಾಸಿ ಎನ್ನುವ ಫಾರ್ವರ್ಡ್ ನಿಮಗೂ ಬಂದಿರಬಹುದು. ಕಾರಣ, ಅದರಲ್ಲಿ ಕ್ಯಾಲ್ಸಿಯಂ ಇದೆಯಂತೆ. ಇದೆ, ನಿಜ. ಆದರೆ ಅದು ಆಕ್ಸಿಜನ್ ಜೊತೆ ಹೇಗೆ ಸೇರಿಕೊಂಡಿದೆ ಅನ್ನುವುದನ್ನೂ ನೋಡಬೇಕು.

ದಾವಣಗೆರೆ, ಹರಿಹರದ ಹಳೇ ಮನೆಗಳಲ್ಲಿ ಹಬ್ಬಕ್ಕೆ ಮುಂಚೆ ಸುಣ್ಣ ಅರಳಿಸುವುದನ್ನು ನೋಡಿದವರಿಗೆ ಗೊತ್ತು: ಸುಟ್ಟ ಸುಣ್ಣಕ್ಕೆ ನೀರು ಬಿದ್ದರೆ ಒಲೆಯಿಲ್ಲದೆ ಕೊತಕೊತ ಕುದಿಯುತ್ತದೆ. ಅದು ಕ್ಯಾಲ್ಸಿಯಂ ಆಕ್ಸೈಡ್. ಇಲ್ಲಿ ಕ್ಯಾಲ್ಸಿಯಂ ತನ್ನ ಎರಡು ಎಲೆಕ್ಟ್ರಾನ್‌ಗಳನ್ನು ಆಕ್ಸಿಜನ್‌ಗೆ ಹೆಚ್ಚುಕಡಿಮೆ ಕೊಟ್ಟೇಬಿಟ್ಟಿರುತ್ತದೆ. ಇದೇ ಅಯಾನಿಕ ಬಂಧ. ಆ ಆಕ್ಸೈಡ್ ಅಯಾನು ನೀರಿನಿಂದ ಹೈಡ್ರೋಜನ್ ಕಿತ್ತುಕೊಂಡು ಹೈಡ್ರಾಕ್ಸೈಡ್ ಆಗುತ್ತದೆ, ಶಾಖ ಹೊರಬೀಳುತ್ತದೆ. ಎಲೆಗೆ ಹಚ್ಚುವ ಸುಣ್ಣ ತಣ್ಣಗಿದ್ದರೂ ಹೈಡ್ರಾಕ್ಸೈಡ್ ಅದರಲ್ಲೇ ಇರುತ್ತದೆ. ಸುಣ್ಣದ ತಿಳಿನೀರಿನ ಪಿಎಚ್ ಸುಮಾರು 12.4. ಬಾಯಿ ಸುಡುವುದು ಅದಕ್ಕೇ.

ಬಿಳಿ ಪೇಂಟಿನ ಟೈಟಾನಿಯಂ ಡೈಆಕ್ಸೈಡ್ ಕೂಡ ಲೋಹದ ಆಕ್ಸೈಡೇ. ಆದರೆ ಟೈಟಾನಿಯಂ ತನ್ನ ನಾಲ್ಕು ಎಲೆಕ್ಟ್ರಾನ್‌ಗಳನ್ನು ಪೂರ್ತಿ ಬಿಟ್ಟುಕೊಡದೆ ಒಂದಿಷ್ಟು ಹಂಚಿಕೊಳ್ಳುತ್ತದೆ. ಇದು ಸಹವೇಲೆನ್ಸಿ ಗುಣ. ನೀರು ಸುರಿದರೂ ಅದು ಸುಮ್ಮನಿರುತ್ತದೆ. (ಪಿಯುಸಿಯಲ್ಲಿ ನಾವು ಉರು ಹೊಡೆದ 1.7ರ ಗೆರೆ ಪ್ರಕಾರ ಇದೂ ಅಯಾನಿಕವೇ! ಎಲೆಕ್ಟ್ರಾನ್ ಸೆಳೆತದ ವ್ಯತ್ಯಾಸ ಇಲ್ಲಿ 1.90, ಸುಣ್ಣದಲ್ಲಿ 2.44. ಆ ಗೆರೆ ಬರೀ ಅಂದಾಜು.)

ಕ್ಯಾಲ್ಸಿಯಂ ಬೇಕಿದ್ದರೆ ರಾಗಿ, ಹಾಲು ಇವೆ. ಸುಣ್ಣದ ಪ್ಯಾಕೆಟ್ ಒತ್ತಿ ಆಡುವಾಗ ಮಕ್ಕಳ ಕಣ್ಣಿಗೆ ಸಿಡಿದು ದೃಷ್ಟಿಗೇ ಹಾನಿಯಾದ ಪ್ರಕರಣಗಳು ನಮ್ಮ ದೇಶದ ವೈದ್ಯಕೀಯ ವರದಿಗಳಲ್ಲಿವೆ. ಹಾಗಾದರೆ ಉಜ್ಜಬೇಡಿ. ತಕ್ಷಣ ಶುದ್ಧ ನೀರು ಹರಿಸಿ ಕನಿಷ್ಠ 30 ನಿಮಿಷ ತೊಳೆಯಿರಿ, ಆಮೇಲೆ ನೇರ ಕಣ್ಣಿನ ಆಸ್ಪತ್ರೆಗೆ ಹೋಗಿ.